ಪ್ಲೇಟ್‌ಲೆಟ್ ಕಮ್ಮಿ ಅಂತ ಲ್ಯಾಬ್‌ನವರು ಹೆದರಿಸಿದರೆ ತಕ್ಷಣ ದುಡ್ಡು ಕಟ್ಟಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಸುಸ್ತು ಅಂತ ಸುಮ್ನೆ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಮಾಡಿಸಿದ್ದೆ, ರಿಪೋರ್ಟ್ ಕೈಗೆ ಬರುವ ಮುಂಚೆಯೇ ಲ್ಯಾಬ್‌ನಿಂದ ಫೋನ್. "ಪ್ಲೇಟ್‌ಲೆಟ್ 48 ಸಾವಿರಕ್ಕೆ ಇಳಿದಿದೆ ಸರ್, ಬಿಳಿ ರಕ್ತಕಣವೂ ಜಾಸ್ತಿ ಇದೆ, ತಡ ಮಾಡಬೇಡಿ." ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ಅದು, ಒಂದೂವರೆ ಲಕ್ಷಕ್ಕಿಂತ ಮೇಲೆ ಇರಬೇಕಾದದ್ದು 48 ಸಾವಿರ ಅಂದರೆ ಯಾರಿಗೆ ಹೆದರಿಕೆ ಆಗಲ್ಲ ಹೇಳಿ? ಅದೇ ಉಸಿರಲ್ಲಿ ದೊಡ್ಡ ಪ್ಯಾಕೇಜ್: ಲಿವರ್, ಕಿಡ್ನಿ, ವಿಟಮಿನ್, ಏನೇನೋ. ಫೋನ್ ಇಡುವ ಮೊದಲೇ ದುಡ್ಡು ಕಟ್ಟಿಸಿಕೊಂಡರು.

ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಮೈಮೇಲೆ ಕೆಂಪು ಚುಕ್ಕೆ ಇದೆಯಾ, ಒಸಡಲ್ಲಿ ರಕ್ತ ಬರುತ್ತಾ ಅಂತ ನೋಡಿದರು. ಏನೂ ಇಲ್ಲ. ಆಮೇಲೆ ರಿಪೋರ್ಟಿನ ಕೊನೇ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು. ಇರುವೆಯಷ್ಟು ಅಕ್ಷರದಲ್ಲಿ, "ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿವೆ, ಮರುಪರೀಕ್ಷೆ ಮಾಡಿಸಿ." ಅಂದರೆ ಲ್ಯಾಬ್‌ನವರಿಗೆ ಗೊತ್ತಿತ್ತು! ಗೊತ್ತಿದ್ದೂ ಫೋನಲ್ಲಿ ಬಾಯಿ ಬಿಡಲಿಲ್ಲ.

ವಿಷಯ ಇಷ್ಟೇ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದರಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೈಯೊಳಗಲ್ಲ, ಟ್ಯೂಬಿನೊಳಗೆ. ಮಷೀನ್ ಅವನ್ನು ಸರಿಯಾಗಿ ಎಣಿಸಲ್ಲ, ಕೆಲವು ಸಲ ದೊಡ್ಡ ಗುಂಪನ್ನು ಬಿಳಿ ರಕ್ತಕಣ ಅಂತ ಲೆಕ್ಕ ಹಾಕುತ್ತದೆ. ನನ್ನ ಎರಡೂ ಭಯ ಅಲ್ಲಿಂದಲೇ ಬಂದದ್ದು! ಬೇರೆ ಕಡೆ, ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಲ್ಲಿ ರಕ್ತ ಕೊಟ್ಟೆ, ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಲ್ಲಿ ನೋಡೋದು) ಕೂಡ ನೋಡಿದರು. ಆ ಟ್ಯೂಬಲ್ಲಿರುವ ದ್ರವದಿಂದ ರಕ್ತ ಸ್ವಲ್ಪ ತೆಳುವಾಗುತ್ತೆ, ಅದಕ್ಕೇ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕಂತೆ. ಗುಣಿಸಿದರೆ 2.1 ಲಕ್ಷ.

ಲ್ಯಾಬಿಗೆ ಹೋಗಿ ಕೇಳಿದೆ. "ಮಷೀನ್ ಕೊಟ್ಟದ್ದನ್ನು ಹೇಳಿದ್ದೇವೆ ಸರ್." ಗುಂಪುಗಟ್ಟಿದೆ ಅಂತ ಯಾಕೆ ಹೇಳಲಿಲ್ಲ? "ರಿಪೋರ್ಟಲ್ಲಿ ಬರೆದಿದೆಯಲ್ಲ ಸರ್." ದುಡ್ಡು ವಾಪಸ್ ಕೊಡಿ. "ಸ್ಯಾಂಪಲ್ ಪ್ರೊಸೆಸ್ ಆಗಿಬಿಟ್ಟಿದೆ ಸರ್." ಪ್ರತಿ ಮಾತಿಗೂ ಸರ್, ಪೈಸೆ ಮಾತ್ರ ಇಲ್ಲ. ಪಕ್ಕದ ಕುರ್ಚಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನೇ ಏನೋ ತಕರಾರು ತೆಗೆದವನ ಹಾಗೆ.

ಪ್ಲೇಟ್‌ಲೆಟ್ ದಿಢೀರ್ ಕಮ್ಮಿ ಬಂದರೆ ಮೊದಲು ಕೇಳಬೇಕಾದ್ದು "ಸ್ಮಿಯರ್ ನೋಡಿದಿರಾ, ಗುಂಪುಗಟ್ಟಿದೆಯಾ" ಅಂತ. ಎಲ್ಲರದೂ ಹೀಗೆ ಸುಳ್ಳು ಎಣಿಕೆ ಅಂದುಕೊಳ್ಳಬೇಡಿ, ನಿಜವಾಗಿ ಇಳಿದಿರಲೂಬಹುದು. ರಕ್ತ ಸೋರುತ್ತಿದ್ದರೆ, ಜ್ವರ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಆದರೆ ರಿಪೋರ್ಟ್ ಓದೋದು ಡಾಕ್ಟರ್ ಕೆಲಸ, ಪ್ಯಾಕೇಜ್ ಮಾರುವವರದ್ದಲ್ಲ.