ಮಂಜು ಹಿಡಿದ ಡಬಲ್ ಗ್ಲಾಸ್ ಬಾಗಿಲು: ರಿಪೇರಿನಾ, ಹೊಸ ಡಬಲ್ಲಾ, ಸಿಂಗಲ್ಲೇ ಸಾಕಾ?

ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಹಾಲ್‌ನಿಂದ ಹಿತ್ತಲಿಗೆ ಒಂದು, ಮೇಲಿನ ಬೆಡ್‌ರೂಮಿನಿಂದ ಬಾಲ್ಕನಿಗೆ ಒಂದು, ಎರಡು ಸ್ಲೈಡಿಂಗ್ ಬಾಗಿಲಿವೆ. ಎರಡೂ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನವು, ಎರಡಕ್ಕೂ ಡಬಲ್ ಗ್ಲಾಸ್, ಎರಡೂ ಪಶ್ಚಿಮಕ್ಕೆ ಮುಖ. ಬಿಸಿಲೂರಲ್ಲಿ ಪಶ್ಚಿಮಕ್ಕೆ ಇಷ್ಟು ದೊಡ್ಡ ಗಾಜು ಯಾಕೆ ಅಂತ ಕೇಳಬೇಡಿ, ಮನೆ ನಾವು ಕಟ್ಟಿಸಿದ್ದಲ್ಲ, ತಗೊಂಡಿದ್ದು. ಎರಡು ಗಾಜಿನ ನಡುವೆ ಮಂಜು ಕೂತಿತ್ತು. ಒಳಗಿಂದ ಒರೆಸಿದರೂ ಹೋಗಲ್ಲ, ಹೊರಗಿಂದ ಒರೆಸಿದರೂ ಹೋಗಲ್ಲ. ಮಳೆಗಾಲದ ಬೆಳಿಗ್ಗೆಯಂತೂ ಹಿತ್ತಲ ಬೇವಿನ ಗಿಡವೇ ಕಾಣ್ತಿರಲಿಲ್ಲ. ಹಾಳಾದ ಗಾಜು ಒಂದಲ್ಲ ಹಲವು, ಹಾಗಾಗಿ ಒಂದೊಂದಕ್ಕೆ ಒಂದೊಂದು ಉಪಾಯ ಮಾಡಿ ನೋಡುವ ಅವಕಾಶ ಸಿಕ್ಕಿತು.

ಮೊದಲು ಇದು ಯಾಕಾಗುತ್ತೆ ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಎರಡು ಗಾಜಿನ ನಡುವೆ ಅಂಚಿನ ಸುತ್ತ ಟೊಳ್ಳು ಅಲ್ಯೂಮಿನಿಯಂ ಪಟ್ಟಿ ಇರುತ್ತೆ, ಸ್ಪೇಸರ್ ಅಂತಾರೆ. ಅದರೊಳಗೆ ತೇವ ಹೀರುವ ಸಣ್ಣ ಹರಳು ತುಂಬಿರ್ತಾರೆ. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಸಿಲಿಕೋನ್ ಅಥವಾ ಪಾಲಿಸಲ್ಫೈಡ್. ಮೇ ತಿಂಗಳ ಮಧ್ಯಾಹ್ನ ಒಳಗಿನ ಗಾಳಿ ಉಬ್ಬುತ್ತೆ, ರಾತ್ರಿ ಕುಗ್ಗುತ್ತೆ. ದಿನಾ ಹೀಗೆ ಎಳೆದಾಡಿ ಅಂಟು ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತೆ. ಆಮೇಲೆ ತೇವ ಒಳಗೆ ಬರುತ್ತೆ, ಹರಳು ಎಷ್ಟು ಅಂತ ಹೀರುತ್ತೆ? ಅದರ ಹೊಟ್ಟೆ ತುಂಬಿದ ಮೇಲೆ ಮಂಜು ಶುರು. ಅಂದರೆ ಹಾಳಾಗಿರೋದು ಗಾಜಿನ ಜೋಡಿ ಮಾತ್ರ, ಬಾಗಿಲು ಚೆನ್ನಾಗೇ ಇರುತ್ತೆ.

ತೂತು ಕೊರೆದು ಒಣಗಿಸೋ ಉಪಾಯವನ್ನು ಬಾಗಿಲ ಮೇಲಿನ ಫಿಕ್ಸ್ ಗಾಜಿಗೆ ಮಾಡಿಸಿದೆ. ಮೂಲೆಯಲ್ಲಿ ಡೈಮಂಡ್ ಬಿಟ್‌ನಿಂದ ಸಣ್ಣ ತೂತು, ಒಳಗೆ ಸ್ಪ್ರೇ, ಒಣಗಿದ ಮೇಲೆ ಒಂದು ಪ್ಲಗ್. ಚಳಿಗಾಲ, ಬೇಸಿಗೆ ಪೂರ್ತಿ ಪರವಾಗಿರಲಿಲ್ಲ. ಮಳೆ ಬಿದ್ದ ಮೇಲೆ ಮತ್ತೆ ಮಂಜು. ಜೊತೆಗೆ ನೀರು ತುಂಬಾ ದಿನ ನಿಂತಿದ್ದ ಜಾಗದಲ್ಲಿ ಗಾಜಿಗೇ ಬಿಳಿ ಕಲೆ ಹತ್ತಿತ್ತು, ಅದು ಯಾವ ಸ್ಪ್ರೇಗೂ ಹೋಗಲ್ಲ. ಇನ್ನೊಂದು, ಟಫನ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಇದನ್ನು ಮಾಡೋಕೇ ಬರಲ್ಲ. ಡ್ರಿಲ್ ತಾಗಿದರೆ ಪೂರ್ತಿ ಗಾಜು ಪುಡಿ. ನಿಮ್ಮ ಗಾಜಿನ ಮೂಲೆಯಲ್ಲಿ ಟಫನ್ಡ್ ಅಂತ ಮುದ್ರೆ ಇದ್ದರೆ ಈ ಮಾತು ಅಲ್ಲಿಗೇ ಬಿಡಿ.

ಹಾಲ್ ಬಾಗಿಲ ಎಡ ಪಲ್ಲೆಯ (ಸರಿಯುವ ಅರ್ಧ ಭಾಗದ) ಗಾಜಿನ ಜೋಡಿಯನ್ನು ಊರಲ್ಲೇ ಒಂದು ಗಾಜಿನ ಅಂಗಡಿಗೆ ಕೊಟ್ಟೆ. "ಬಿಚ್ಚಿ ತೊಳದು ಮತ್ತ ಕೂಡಸ್ತೀವ್ರಿ ಸರ, ಹೊಸದರಂಗ ಆಗ್ತದ" ಅಂದ್ರು. ಬ್ಲೇಡ್ ಹಾಕಿ ಅಂಚು ಬಿಡಿಸಿ, ಎರಡೂ ಗಾಜು ತೊಳೆದು, ಹೊಸ ಪಟ್ಟಿ, ಹೊಸ ಹರಳು ಹಾಕಿ ಸುತ್ತ ಸಿಲಿಕೋನ್ ಬಳಿದು ಕೊಟ್ಟರು. ಖರ್ಚು ಬಹಳ ಕಡಿಮೆ. ಮನೆಗೆ ತಂದು ಕೂರಿಸಿ, ಸಂಜೆ ಬಿಸಿಲು ಅಡ್ಡ ಬಿದ್ದಾಗ ನೋಡಿದರೆ, ಗಾಜಿನ ನಡುವೆ ಕಣ್ಣಿನ ಮಟ್ಟಕ್ಕೆ ಯಾರದೋ ಹೆಬ್ಬೆರಳ ಗುರುತು! ಗೆರೆ ಗೆರೆ ಎಣಿಸಬಹುದು, ಅಷ್ಟು ಸ್ಪಷ್ಟ. ಒರೆಸೋಕೆ ಮಾತ್ರ ದಾರಿ ಇಲ್ಲ. ಬಂದ ನೆಂಟರೆಲ್ಲ ಒಮ್ಮೆ ಅದನ್ನು ಉಜ್ಜಿ ನೋಡ್ತಾರೆ. ಅದಿರಲಿ, ದೊಡ್ಡ ಕೊರತೆ ಬೇರೆ. ಅವರು ಬ್ಯುಟೈಲ್ ಹಾಕೇ ಇಲ್ಲ. ಸಿಲಿಕೋನ್ ನೀರು ತಡೆಯುತ್ತೆ, ಆದರೆ ನೀರಿನ ಆವಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತೆ, ಆವಿ ತಡೆಯೋದು ಬ್ಯುಟೈಲ್. ಈಗಾಗಲೇ ಕೆಳಗಿನ ಮೂಲೆಯಲ್ಲಿ ಮಬ್ಬು ಕಾಣಿಸಿಕೊಂಡಿದೆ.

ಬಲ ಪಲ್ಲೆಗೆ ಡಬಲ್ ಸಹವಾಸವೇ ಬೇಡ ಅಂತ 6 ಎಂಎಂ ರಿಫ್ಲೆಕ್ಟಿವ್ (ಬಿಸಿಲನ್ನು ವಾಪಸ್ ಎಸೆಯುವ ಲೇಪದ) ಟಫನ್ಡ್ ಗಾಜು ಒಂದನ್ನೇ ಹಾಕಿಸಿದೆ. ಇದು ಸುಲಭ ಅಂದುಕೊಳ್ಳಬೇಡಿ. ನಮ್ಮ ಫ್ರೇಮಿನ ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡೋ ಅಂಚಿನ ಪಟ್ಟಿ, 24 ಎಂಎಂ ದಪ್ಪದ ಜೋಡಿಗೆ ಮಾಡಿದ್ದು, 6 ಎಂಎಂ ಗಾಜು ಅದರಲ್ಲಿ ಗಡಗಡ ಅಲ್ಲಾಡುತ್ತೆ. ತೆಳು ಗಾಜಿನ ಬೀಡಿಂಗ್ ಬೇರೆ ಬರುತ್ತೆ, ಅದೇ ಕಂಪನಿಯ ಪ್ರೊಫೈಲಿಗೆ ಹೊಂದೋದನ್ನೇ ಹುಡುಕಬೇಕು.

ಹೀಗೆ ಒಂದೇ ಬಾಗಿಲಲ್ಲಿ ಎಡಕ್ಕೆ ಸಾದಾ ಡಬಲ್, ಬಲಕ್ಕೆ ರಿಫ್ಲೆಕ್ಟಿವ್ ಸಿಂಗಲ್ ಬಂತು. ಬೇಸಿಗೆಯ ನಾಲ್ಕು ಗಂಟೆಗೆ ಎರಡನ್ನೂ ನೋಡಿದಾಗ ನನ್ನ ಲೆಕ್ಕವೇ ತಲೆಕೆಳಗಾಯ್ತು. ಡಬಲ್ ಗಾಜು ದಾಟಿ ಬಿಸಿಲು ಬಿದ್ದಿದ್ದ ಕಡೆ ಪರಸಿ ಕಲ್ಲಿನ ಮೇಲೆ ಬರಿಗಾಲು ಇಡೋಕಾಗಲ್ಲ. ರಿಫ್ಲೆಕ್ಟಿವ್ ಕಡೆ ಕಲ್ಲು ಬರೀ ಬೆಚ್ಚಗೆ. ಆದರೆ ಕೈ ಇಟ್ಟರೆ ರಿಫ್ಲೆಕ್ಟಿವ್ ಗಾಜೇ ಕಾದ ಹಂಚು, ಡಬಲ್‌ನ ಒಳಗಿನ ಗಾಜು ಅದಕ್ಕಿಂತ ಎಷ್ಟೋ ವಾಸಿ. ಅರ್ಥ ಇಷ್ಟೇ: ಎರಡು ಗಾಜಿನ ನಡುವಿನ ಗಾಳಿ ಹೊರಗಿನ ಕಾವು ಒಳಗೆ ದಾಟೋದನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ, ಆದರೆ ನೇರ ಬಿಸಿಲನ್ನು ಅದು ಹೆಚ್ಚೇನೂ ತಡೆಯಲ್ಲ, ಬಿಸಿಲು ತಡೆಯೋದು ಗಾಜಿನ ಮೇಲಿನ ಲೇಪ. ನಮ್ಮ ಊರಲ್ಲಿ, ಅದೂ ಎಸಿ ಇಲ್ಲದೆ ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡಿರೋ ಹಾಲ್‌ನಲ್ಲಿ, ನಡುವಿನ ಗಾಳಿಗೆ ದುಡ್ಡು ಕೊಡೋದು ಸುಮ್ನೆ.

ಎಸಿ ಇರೋ ಬೆಡ್‌ರೂಮಿನ ಮಾತೇ ಬೇರೆ. ಅಲ್ಲಿಗೆ ಹೈದರಾಬಾದಿನಿಂದ ಹೊಸ ಜೋಡಿ ತರಿಸಿದೆ. 6 ಎಂಎಂ ಹೊರಗಾಜು, 12 ಎಂಎಂ ಸಂದು, 6 ಎಂಎಂ ಒಳಗಾಜು, ಎರಡೂ ಟಫನ್ಡ್, ಹೊರಗಾಜಿನ ಒಳಮೈಗೆ ಬಿಸಿಲು ತಡೆಯುವ ಲೋ-ಇ ಲೇಪ. ಈ ಲೇಪ ಬಲು ನಾಜೂಕು, ಸಿಂಗಲ್ ಗಾಜಿಗೆ ಹಾಕಿದರೆ ಹಾಳಾಗುತ್ತೆ, ಹಾಗಾಗಿ ಡಬಲ್‌ನ ಒಳಗೇ ಇರಬೇಕು. ಇಲ್ಲಿ ನೆಲವೂ ಕಾಯಲ್ಲ, ಗಾಜೂ ಕಾಯಲ್ಲ, ಎಸಿ ಬೇಗ ಕಟ್ ಆಗುತ್ತೆ. ದುಡ್ಡು ಸಿಂಗಲ್‌ಗಿಂತ ಬಹಳ ಜಾಸ್ತಿ, ನಿಜ. ಆದರೂ ಈ ಕೋಣೆಗೆ ನಾನು ಮತ್ತೆ ಇದನ್ನೇ ಹಾಕಿಸ್ತೀನಿ. ಒಂದೇ ಬೇಜಾರು, ಲಾರಿ ಸದ್ದು. ಹಾರ್ನ್ ತಗ್ಗಿತು, ಸಿಮೆಂಟ್ ಲಾರಿಗಳ ಗುಡುಗುಡು ಹಾಗೇ ಇದೆ. ಸ್ಲೈಡಿಂಗ್ ಬಾಗಿಲಲ್ಲಿ ಸದ್ದು ಬ್ರಷ್ ಪಟ್ಟಿಯ ಸಂದಿಯಿಂದಲೂ ನುಗ್ಗುತ್ತೆ, ಗಾಜು ಬದಲಿಸಿ ಅದನ್ನು ಪೂರ್ತಿ ತಡೆಯೋಕಾಗಲ್ಲ.

ಹೊಸ ಜೋಡಿ ಬಂದಾಗ ಕೂರಿಸೋ ಮೊದಲು ರಾತ್ರಿ ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿಯಿರಿ. ನಾಲ್ಕು ಜ್ವಾಲೆ ಕಾಣುತ್ತವೆ, ಗಾಜಿನ ಒಂದೊಂದು ಮೈಗೆ ಒಂದು. ಲೇಪ ಇರೋ ಮೈಯ ಜ್ವಾಲೆಯ ಬಣ್ಣ ಬೇರೆ. ಹೊರಮುಖದಿಂದ ಎಣಿಸಿದರೆ ಎರಡನೆಯದು ಹಾಗಿರಬೇಕು. ಮೂರನೆಯದಾಗಿದ್ದರೆ ಗಾಜನ್ನು ತಿರುವುಮುರುವು ಹಿಡಿದಿದ್ದೀರಿ ಅಂತ.

ಬಾಗಿಲನ್ನೇ ಪೂರ್ತಿ ಬದಲಿಸಿದ್ದು ಬೀದರಿನಲ್ಲಿ ನಮ್ಮ ಷಡ್ಡಕರು. ಅವರ ಫ್ರೇಮೇ ಬಾಗಿತ್ತು, ಟ್ರ್ಯಾಕ್ ಸವೆದಿತ್ತು, ಅವರಿಗೆ ಅದೇ ಸರಿ. ಗೋಡೆ ಒಡೆದು ಪ್ಲಾಸ್ಟರ್, ಪೇಂಟ್ ಎಲ್ಲ ಮಾಡಿಸಬೇಕಾಯ್ತು. ಪಲ್ಲೆ ಸಲೀಸಾಗಿ ಓಡ್ತಿದ್ದರೆ ಬರೀ ಮಂಜಿಗೋಸ್ಕರ ಇಷ್ಟಕ್ಕೆ ಕೈ ಹಾಕಬೇಡಿ. ಮಾರೋರು ಮಾತ್ರ ಮೊದಲು ಇದನ್ನೇ ಹೇಳ್ತಾರೆ.

ಆರ್ಡರ್ ಕೊಡೋರಿಗೆ ಎರಡು ಮಾತು. ಟಫನ್ಡ್ ಗಾಜನ್ನು ಆಮೇಲೆ ಒಂದು ಎಂಎಂ ಕೂಡ ಕತ್ತರಿಸೋಕಾಗಲ್ಲ, ಹಾಗಾಗಿ ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೆದು ಕಡಿಮೆ ಬಂದಿದ್ದನ್ನು ಹಿಡಿಯಿರಿ, ಅದರಲ್ಲೂ ಗಾಜಿಗೂ ಫ್ರೇಮಿಗೂ ನಡುವೆ ಇಡೋ ಪ್ಯಾಕಿಂಗ್‌ಗೆ ಜಾಗ ಬಿಡಿ. ತೂಕವೂ ಗಮನದಲ್ಲಿರಲಿ. ಗಾಜು ಒಂದು ಚದರ ಮೀಟರಿಗೆ ಪ್ರತಿ ಎಂಎಂ ದಪ್ಪಕ್ಕೆ 2.5 ಕೆಜಿ ತೂಗುತ್ತೆ. 3 ಅಡಿ ಅಗಲ 7 ಅಡಿ ಎತ್ತರದ 6-12-6 ಜೋಡಿ ಅಂದರೆ ಸುಮಾರು 58 ಕೆಜಿ. ಇಬ್ಬರ ಕೈಲಿ ಮೆಟ್ಟಿಲು ಹತ್ತಿಸೋದು ಕಷ್ಟ, ಹಳೆ ರೋಲರ್ ಅಷ್ಟು ಹೊರುತ್ತಾ ಅಂತಲೂ ಕೇಳಿ.

ಹಳೆ ಗಾಜು ತೆಗೆದ ದಿನವೇ ಫ್ರೇಮಿನ ತಳದ ನೀರು ಹೋಗೋ ತೂತುಗಳನ್ನು ನೋಡಿ. ನಮ್ಮಲ್ಲಿ ಧೂಳು ಗಟ್ಟಿಯಾಗಿ ಅವು ಪೂರ್ತಿ ಮುಚ್ಚಿದ್ದವು, ಮಳೆ ನೀರು ಗಾಜಿನ ಬುಡದಲ್ಲೇ ನಿಲ್ತಿತ್ತು. ತಂತಿ ಹಾಕಿ ಬಿಡಿಸಿ, ಒಂದು ಚೊಂಬು ನೀರು ಸುರಿದು ಹೊರಗೆ ಹರಿಯೋದನ್ನು ನೋಡಿಕೊಂಡ ಮೇಲೇ ಹೊಸ ಗಾಜು ಕೂರಿಸೋಕೆ ಬಿಡಿ.