ಎರಡು ಮಂಡಿ, ಎರಡು ಥರದ ಗ್ರಾಫ್ಟ್

ನನ್ನ ಬಲಗಾಲಿನ ಎಸಿಎಲ್, ಅಂದರೆ ಮಂಡಿಯೊಳಗೆ ಮೇಲಿನ ಮತ್ತು ಕೆಳಗಿನ ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿದದ್ದು 2016ರಲ್ಲಿ, ಕಬಡ್ಡಿ ಆಡುವಾಗ. ಎಡಗಾಲಿನದ್ದು 2022ರ ಮಳೆಗಾಲದಲ್ಲಿ, ಬೈಕ್ ಜಾರಿ. ಎರಡೂ ಆಪರೇಷನ್ ಆದದ್ದು ದಾವಣಗೆರೆಯಲ್ಲೇ. ಹರಿದದ್ದರ ಜಾಗಕ್ಕೆ ನಮ್ಮದೇ ಕಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ಪಟ್ಟಿ) ತೆಗೆದು ಕೂರಿಸುತ್ತಾರೆ, ಅದೇ ಗ್ರಾಫ್ಟ್. ಬಲಗಾಲಿಗೆ ಮಂಡಿ ಚಿಪ್ಪಿನ ಕೆಳಗಿರುವ ಟೆಂಡನ್‌ನ ನಡುವಿನ ಪಟ್ಟಿಯನ್ನು ಎರಡೂ ತುದಿಯ ಮೂಳೆ ಚೂರಿನ ಸಮೇತ ತೆಗೆದು ಹಾಕಿದರು. ಎಡಗಾಲಿಗೆ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ತೆಗೆದು, ಮಡಚಿ ಹಾಕಿದರು.

ಮೊದಲ ವಾರ ಬಲಗಾಲೇ ಜಾಸ್ತಿ ಕಷ್ಟ ಕೊಟ್ಟಿತು. ಮಲಗಿದಲ್ಲಿಂದ ಕಾಲು ನೇರ ಎತ್ತೋಕೆ ಎಂಟು ದಿನ ಬೇಕಾಯಿತು. ಎಡಗಾಲನ್ನು ಮೂರನೇ ದಿನವೇ ಎತ್ತಿದೆ, ಆದರೆ ತೊಡೆ ಹಿಂದೆಲ್ಲಾ ನೀಲಿಗಟ್ಟಿತ್ತು, ಹಿಮ್ಮಡಿ ಎಳೆದು ಮಂಡಿ ಮಡಚುವಾಗ ಜಗ್ಗಿದ ಹಾಗಾಗುತ್ತಿತ್ತು.

ಮೂಳೆಗೆ ಮೂಳೆ ಬೇಗ ಕೂಡುತ್ತದೆ, ಸುಮಾರು 6ರಿಂದ 8 ವಾರ. ಬರೀ ಟೆಂಡನ್ ಮೂಳೆಗೆ ಹಿಡಿಯೋಕೆ ಇನ್ನೂ ಸಮಯ ಬೇಕು. ಅದರ ಜೊತೆ ಟೆಂಡನ್ ತೆಗೆದ ಜಾಗವೂ ಮಾಯಬೇಕು ಅಂತ ಎಡಗಾಲಿನ ತೊಡೆ ಹಿಂದಿನ ವ್ಯಾಯಾಮಗಳನ್ನು ಫಿಸಿಯೋ ತಡವಾಗಿ ಶುರು ಮಾಡಿಸಿದರು.

ಗ್ರಾಫ್ಟ್‌ಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಒಂದು ದಿಂಬು. ಮೊದಲ ಸಲ ಮಂಡಿ ಕೆಳಗೆ ದಿಂಬಿಟ್ಟರೆ ಹಾಯಾಗಿರುತ್ತದೆ ಅಂತ ಅಮ್ಮ ಇಟ್ಟರು, ನಾನೂ ಸುಮ್ನೆ ಮಲಗಿದೆ, ಎರಡು ತಿಂಗಳಾದರೂ ಕಾಲು ಪೂರ್ತಿ ನೇರವಾಗದೆ ಕುಂಟುತ್ತಾ ನಡೆದೆ, ಆಮೇಲೆ ಅದನ್ನು ಸರಿಮಾಡೋಕೆ ಪಟ್ಟ ಪಾಡು ಆಪರೇಷನ್ನಿಗಿಂತ ಜಾಸ್ತಿ. ಎರಡನೇ ಸಲ ಸುತ್ತಿದ ಟವೆಲನ್ನು ಹಿಮ್ಮಡಿ ಕೆಳಗಿಟ್ಟು ಮಂಡಿಯನ್ನು ಖಾಲಿ ಬಿಟ್ಟೆ. ಎರಡೇ ವಾರಕ್ಕೆ ನೇರವಾಯಿತು. ದಯವಿಟ್ಟು ದಿಂಬು ಇಡಬೇಡಿ.

ಮೂರನೇ ತಿಂಗಳು ಎರಡೂ ಸಲ ಎಲ್ಲಾ ಸರಿಹೋಯಿತು ಅನ್ನಿಸಿತು. ಆದರೆ ಹೊಸ ಗ್ರಾಫ್ಟ್ ಬಲ ಕಡಿಮೆ ಇರುವುದು ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಕುಂದವಾಡ ಕೆರೆ ಸುತ್ತ ನಡೆದೆ ಅಷ್ಟೇ, ಓಡಲಿಲ್ಲ. ಮತ್ತೆ ಆಟಕ್ಕಿಳಿಯೋಕೆ ಕನಿಷ್ಠ 9 ತಿಂಗಳು ಬೇಕು.

ಒಂದೊಂದು ಸಲವೂ ವರ್ಷ ಕಳೆದ ಮೇಲೆ ಚಿತ್ರದುರ್ಗದ ಕೋಟೆ ಹತ್ತಿದೆ. ಹತ್ತೋದು ಸುಲಭ, ಇಳಿಯುವಾಗಲೇ ಗೊತ್ತಾಗೋದು ಅಲ್ವಾ? ಬಲಗಾಲು ಗಟ್ಟಿ, ಆದರೆ ಪ್ರತಿ ಮೆಟ್ಟಿಲಿಗೂ ಚಿಪ್ಪಿನ ಕೆಳಗೆ ನೋವು. ದೇವರ ಮುಂದೆ ಆ ಮಂಡಿ ಊರೋಕೆ ಈಗಲೂ ಆಗಲ್ಲ. ಎಡಗಾಲಿಗೆ ಆ ತೊಂದರೆ ಇಲ್ಲ, ಜೋರಾಗಿ ಓಡುವಾಗ ತೊಡೆ ಹಿಂದೆ ಬಲ ಸಾಲದು ಅನ್ನಿಸುತ್ತದೆ. ಗಾಯದ ಪಕ್ಕದ ಚರ್ಮಕ್ಕೆ ಎರಡರಲ್ಲೂ ಸ್ಪರ್ಶ ಕಡಿಮೆ.

ಈಗ ನನ್ನ ಭಾವಮೈದನಿಗೆ ಎಸಿಎಲ್ ಹರಿದಿದೆ. ಟೈಲ್ಸ್ ಹಾಕೋ ಕೆಲಸ ಅವನದು, ದಿನವಿಡೀ ಮಂಡಿಯೂರಿಯೇ ಇರಬೇಕು. ಕೆಲಸ ಏನು ಅಂತ ಡಾಕ್ಟರಿಗೆ ಮೊದಲೇ ಹೇಳು, ಹ್ಯಾಮ್‌ಸ್ಟ್ರಿಂಗ್ ಆಗುತ್ತಾ ಕೇಳು ಅಂದಿದ್ದೇನೆ. ಟವೆಲ್ ಸುತ್ತೋದನ್ನು ಅವನ ಹೆಂಡತಿಗೂ ಅತ್ತೆಗೂ ತೋರಿಸಿ ಬಂದಿದ್ದೇನೆ.