ಇಂಜಿನ್ ಮೇಲಿಂದ ಎತ್ತಬೇಕಾ, ಕೆಳಗಿಂದ ಇಳಿಸಬೇಕಾ?

ಮುಂದಿನ ಚಕ್ರಗಳು ಎಳೆಯುವ ಸಣ್ಣ ಕಾರಿನ ಇಂಜಿನ್ ಬದಲಿಸೋಕೆ ಮೂರು ದಾರಿ ಇವೆ. ಗೇರ್‌ಬಾಕ್ಸನ್ನು ಕಾರಲ್ಲೇ ಬಿಟ್ಟು ಇಂಜಿನ್ ಒಂದನ್ನೇ ಮೇಲೆತ್ತುವುದು. ಗೇರ್‌ಬಾಕ್ಸ್ ಸಮೇತ ಮೇಲೆತ್ತುವುದು. ಇಲ್ಲಾ, ಸಬ್‌ಫ್ರೇಮ್ (ಇಂಜಿನ್ ಅಡಿಯ ಉಕ್ಕಿನ ಚೌಕಟ್ಟು) ಸಮೇತ ಕೆಳಗಿಳಿಸಿ, ಬಾಡಿಯನ್ನೇ ಮೇಲಕ್ಕೆತ್ತುವುದು. ಮೂರನ್ನೂ ಮನೆಯಲ್ಲೇ ಮಾಡಿ ನೋಡಿದ್ದೇನೆ. ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಎರಡನೆಯದನ್ನೇ.

ಇಂಜಿನ್ ಒಂದನ್ನೇ ತೆಗೆಯುವುದು ಕೇಳೋಕೆ ಸುಲಭ. ಆಕ್ಸಲ್ ಬಿಚ್ಚಬೇಕಾಗಿಲ್ಲ, ಗೇರ್ ಆಯಿಲ್ ಚೆಲ್ಲಬೇಕಾಗಿಲ್ಲ. ಗೇರ್‌ಬಾಕ್ಸ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಟ್ಟರೆ ಆಯಿತು. ಹೊರಗೆ ತೆಗೆಯುವಾಗ ತೊಂದರೆಯೂ ಇಲ್ಲ. ಕಷ್ಟ ಶುರುವಾಗುವುದು ವಾಪಸ್ ಕೂರಿಸುವಾಗ. ಕ್ರೇನಿನ ಚೈನಿಗೆ ನೇತುಬಿದ್ದ ಇಂಜಿನ್ ಆ ಕಡೆ ಈ ಕಡೆ ಓಲಾಡುತ್ತಿರುತ್ತದೆ. ಗೇರ್‌ಬಾಕ್ಸ್ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನೇರವಾಗಿ ಹೋಗಬೇಕು. ಪ್ಲೇಟನ್ನು ಎಷ್ಟೇ ಸರಿಯಾಗಿ ನಡುವೆ ಕೂರಿಸಿದ್ದರೂ, ಇಂಜಿನ್ ಒಂದು ಚೂರು ಓರೆಯಾದರೆ ಒಳಗೆ ಹೋಗುವುದಿಲ್ಲ. ಕೊನೆಗೆ ಒಂದು ಬೆರಳಿನಷ್ಟು ಸಂದಿ ಉಳಿಯುತ್ತದೆ. ಬೋಲ್ಟ್ ಬಿಗಿ ಮಾಡಿ ಎಳೆದುಬಿಡೋಣ ಅನ್ನಿಸುವುದು ಆಗಲೇ. ದಯವಿಟ್ಟು ಬೇಡ. ಕ್ಲಚ್ ಪ್ಲೇಟ್ ಬಾಗುತ್ತದೆ, ಇಲ್ಲವೇ ಕ್ಲಚ್ಚನ್ನು ಮುಚ್ಚುವ ಅಲ್ಯೂಮಿನಿಯಂ ಕವಚ, ಅಂದರೆ ಬೆಲ್ ಹೌಸಿಂಗ್, ಸೀಳುತ್ತದೆ. ಗೇರಿಗೆ ಹಾಕಿ, ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟು) ತುದಿಯ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ತಿರುಗಿಸುತ್ತಾ, ಇನ್ನೊಬ್ಬರು ಇಂಜಿನನ್ನು ಒತ್ತಿ ಹಿಡಿದರೆ ಹಲ್ಲಿಗೆ ಹಲ್ಲು ಸಿಕ್ಕಿ ತಾನಾಗಿ ಒಳಗೆ ಸರಿಯುತ್ತದೆ. ಎರಡೂ ಮುಖ ಪೂರ್ತಿ ಕೂಡಿದ ಮೇಲಷ್ಟೇ ಬೋಲ್ಟ್ ಬಿಗಿ ಮಾಡಬೇಕು.

ಗೇರ್‌ಬಾಕ್ಸ್ ಸಮೇತ ಎತ್ತಿದರೆ ಇದೇ ಕೆಲಸ ನೆಲದ ಮೇಲೆ, ಬೆಳಕಲ್ಲಿ ನಡೆಯುತ್ತದೆ. ಸುತ್ತಲೂ ಓಡಾಡಿ ನೋಡಬಹುದು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಕ್ಲಚ್, ರಿಲೀಸ್ ಬೇರಿಂಗ್ ಎಲ್ಲವನ್ನೂ ಕಣ್ಣೆದುರೇ ಬದಲಿಸಬಹುದು. ನನಗೆ ಈ ಒಂದೇ ಕಾರಣ ಸಾಕು. ಬಿಚ್ಚುವ ಕೆಲಸ ಮಾತ್ರ ಜಾಸ್ತಿ: ಎರಡೂ ಆಕ್ಸಲ್, ಗೇರ್ ಕೇಬಲ್, ರೇಡಿಯೇಟರ್. ಎಸಿ ಗ್ಯಾಸ್ ಬಿಡಬೇಕಾಗಿಲ್ಲ. ಸಾಮಾನ್ಯವಾಗಿ ಕಂಪ್ರೆಸರನ್ನು ಪೈಪ್ ಸಮೇತ ಬಿಚ್ಚಿ ಪಕ್ಕಕ್ಕೆ ಕಟ್ಟಿದರೆ ಸಾಕು. ಎತ್ತುವಾಗ ಗೇರ್‌ಬಾಕ್ಸ್ ಕಡೆ ತಗ್ಗಿರಬೇಕು, ಇಲ್ಲದಿದ್ದರೆ ಪಕ್ಕದ ಚಾಸಿಗೆ, ಅಂದರೆ ಬಾಡಿಯ ಎರಡೂ ಬದಿಯಲ್ಲಿರುವ ಉಕ್ಕಿನ ತೊಲೆಗೆ, ತಾಗುತ್ತದೆ. ತೂಕವೂ ಜಾಸ್ತಿ ಅಲ್ವಾ, ಹಾಗಾಗಿ ಕ್ರೇನಿನ ತೋಳಿನ ಮೇಲೆ ಬರೆದಿರುವುದನ್ನು ಓದಿ. ತೋಳು ಉದ್ದ ಮಾಡಿದಷ್ಟೂ ಅದು ಹೊರುವ ಭಾರ ಕಡಿಮೆಯಾಗುತ್ತದೆ.

ಕೆಳಗಿಂದ ಇಳಿಸುವ ದಾರಿಯಲ್ಲಿ ಬಾನೆಟ್ ಮುಟ್ಟಬೇಕಾಗಿಲ್ಲ. ವೈರು, ಪೈಪುಗಳನ್ನು ಸೇರಿಸುವುದೂ ಆರಾಮ. ಆದರೆ ಸ್ಟಿಯರಿಂಗ್ ಜಾಯಿಂಟ್, ಬಾಲ್ ಜಾಯಿಂಟ್, ಸೈಲೆನ್ಸರ್ ಪೈಪು ಎಲ್ಲ ಬಿಚ್ಚಬೇಕು. ಸ್ಟಿಯರಿಂಗ್ ತಿರುಗದಂತೆ ಕಟ್ಟಿಡಬೇಕು. ಅದು ಸುಮ್ನೆ ತಿರುಗಿದರೂ ಒಳಗಿರುವ ಏರ್‌ಬ್ಯಾಗಿನ ಸುರುಳಿ ಕೇಬಲ್ ಕಿತ್ತುಹೋಗಬಹುದು. ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಇವೆಲ್ಲ ಮಾಡಬಹುದಾದ ಕೆಲಸಗಳೇ. ನನಗೆ ಒಪ್ಪಿಗೆಯಾಗದ್ದು ಬಾಡಿ ನಿಲ್ಲುವ ಎತ್ತರ. ಇಂಜಿನ್ ಅಡಿಯಿಂದ ಹೊರಬರಬೇಕಾದರೆ ಕಾರಿನ ಮುಂಭಾಗ ಹೆಚ್ಚುಕಡಿಮೆ ಸೊಂಟದೆತ್ತರಕ್ಕೆ ಹೋಗಬೇಕು. ಎತ್ತಿದ ಕಾರನ್ನು ನಿಲ್ಲಿಸೋಕೆ ಮನೆಯಲ್ಲಿ ಬಳಸುವ ಸ್ಟ್ಯಾಂಡುಗಳು ಅಷ್ಟೆತ್ತರಕ್ಕೆ ಮಾಡಿದವಲ್ಲ. ಇಟ್ಟಿಗೆ ಜೋಡಿಸಿ ಎತ್ತರ ಮಾಡುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಲಿಫ್ಟ್ ಇರುವ ಕಡೆ ನಾನೂ ಇದನ್ನೇ ಆರಿಸುತ್ತೇನೆ, ಮನೆಯಲ್ಲಿ ಇಲ್ಲ.

ಕೆಲವು ಕಾರುಗಳಲ್ಲಿ ಮಾತ್ರ ಆಯ್ಕೆಯೇ ಇರುವುದಿಲ್ಲ. ಫ್ಯಾಕ್ಟರಿಯಲ್ಲೇ ಇಂಜಿನ್ ಕೆಳಗಿಂದ ಹತ್ತಿಸಿರುತ್ತಾರೆ. ಹಾಗಾಗಿ ಮೊದಲೇ ಟೇಪ್ ಹಿಡಿದು ನೋಡಿ: ಪುಲ್ಲಿಯಿಂದ ಗೇರ್‌ಬಾಕ್ಸಿನ ತುದಿವರೆಗೆ ಎಷ್ಟು, ಎರಡು ಚಾಸಿಗಳ ನಡುವೆ ಎಷ್ಟು. ಓರೆ ಮಾಡಿದರೂ ಮೇಲಿಂದ ಬರುವುದಿಲ್ಲ ಅನ್ನಿಸಿದರೆ, ಒಂದೇ ಒಂದು ಬೋಲ್ಟ್ ಬಿಚ್ಚುವ ಮೊದಲೇ ಲಿಫ್ಟ್ ಇರುವ ಜಾಗ ಹುಡುಕಿ.